ಓದು ಮುಗಿದ ಮೇಲಿನ ದಿನಗಳು

ಹೊರದೇಶಕ್ಕೆ ಓದಲು ಹೋಗಿಬಂದ ಕನ್ನಡಿಗರ ಜೀವನಚರಿತ್ರೆಗಳನ್ನು ತಿರುವಿಹಾಕಿದರೆ ಎರಡು ಇಸವಿಗಳು ತಪ್ಪದೆ ಸಿಗುತ್ತವೆ. ಒಂದು ಹೊರಟ ಇಸವಿ, ಇನ್ನೊಂದು ಪದವಿ ಕೈಗೆ ಬಂದ ಇಸವಿ. ಪರೀಕ್ಷೆ ಮುಗಿದು, ಊರಿಗೆ ಹೊರಡುವ ಮುಂಚೆ ಗೆಳೆಯರ ಜೊತೆ ಅಲೆದಾಡಿದ ಕೊನೆಯ ವಾರಗಳ ಬಗ್ಗೆ ಒಂದು ಸಾಲಿಗಿಂತ ಹೆಚ್ಚು ಸಿಕ್ಕುವುದು ಅಪರೂಪ. ನೆಲಮಂಗಲದಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಹೇಳಿ ನಿವೃತ್ತಳಾದ ನನಗೆ ಈ ಕೊರತೆ ಈಚೆಗೆ ತುಂಬ ಕಾಡುತ್ತಿದೆ. ನಮ್ಮ ಮಗಳು ಈಗ ಅಂಥದೇ ವಾರಗಳಲ್ಲಿದ್ದಾಳೆ.

ಅವಳು ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುವ ಹುಡುಗಿ. ವಿದ್ಯಾರ್ಥಿ ವಿನಿಮಯದಲ್ಲಿ ಒಂದು ಸೆಮಿಸ್ಟರಿಗೆಂದು ಜರ್ಮನಿಯ ಟ್ಯೂಬಿಂಗನ್ನಿಗೆ ಹೋದಳು. ಜುಲೈ ಕೊನೆಗೆ ಪಾಠ, ಪರೀಕ್ಷೆ ಎಲ್ಲ ಮುಗಿಯಿತು. ವಾಪಸು ಟಿಕೆಟ್ಟು ಇರುವುದು ಆಗಸ್ಟ್ ಕೊನೆಗೆ. ನಡುವಿನ ಈ ದಿನಗಳೇ ಅರಿಶಿನಕುಂಟೆಯ ನಮ್ಮ ಮನೆಯಲ್ಲಿ ದಿನಾ ಸಂಜೆ ಮಾತಿಗೆ ಬರುತ್ತಿವೆ. "ಪರೀಕ್ಷೆ ಮುಗೀತಂತಲ್ಲಮ್ಮ, ಇನ್ನೂ ಯಾಕೆ ಅಲ್ಲೇ ಇದಾಳೆ? ರೂಮಿನ ಬಾಡಿಗೆ ದಂಡ, ಊಟದ ದುಡ್ಡು ದಂಡ. ಹೇಳಿ ಕರೆಸ್ಕೊ," ಅನ್ನುತ್ತಾರೆ ಭಾವನವರು. ಅವರದು ಅಕ್ಕರೆಯ ಮಾತೇ. ಅವರು ಹುಡುಗರಾಗಿದ್ದಾಗ ಈ ಊರಿನಿಂದ ಹೈಸ್ಕೂಲು ಮೆಟ್ಟಿಲು ಹತ್ತಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಓದು ಅಂದರೆ ಪುಸ್ತಕ, ಅದು ಮುಗಿದ ಮೇಲೆ ಮನೆ. ನಡುವೆ ಇನ್ನೊಂದಕ್ಕೆ ಜಾಗವಿರಲಿಲ್ಲ.

ನಾನು ಒಪ್ಪಲಿಲ್ಲ. "ಭಾವ, ಅವಳು ಈಗ ಮಾಡ್ತಿರೋದೂ ಓದೇ," ಅಂದೆ. ಹಾಗೆ ಅನ್ನುವುದಕ್ಕೆ ನನಗೆ ಕಾರಣಗಳಿವೆ. ಅವನ್ನು ಬರೆದಿಡೋಣ ಅಂತಲೇ ಇಲ್ಲಿ ಕೂತಿದ್ದೇನೆ.

ಟ್ಯೂಬಿಂಗನ್ ನೆಕರ್ ನದಿಯ ದಂಡೆಯ ಹಳೇ ಊರು. ಅಲ್ಲಿನ ವಿಶ್ವವಿದ್ಯಾಲಯ 1477ರದು. ಮಗಳಿಗೆ ಆ ಊರು ಸಿಕ್ಕಿತೆಂದು ಗೊತ್ತಾದ ದಿನ ಮನೆಯವರೆಲ್ಲ ಅದು ಎಲ್ಲಿದೆ ಎಂದು ಫೋನಿನಲ್ಲಿ ಹುಡುಕುತ್ತಿದ್ದರು. ನನಗೆ ಆ ಹೆಸರು ಮೂವತ್ತು ವರ್ಷ ಪಾಠದಲ್ಲಿ ಹೇಳಿದ ಹೆಸರು. 1830ರ ಆಸುಪಾಸಿನಲ್ಲಿ ಅಲ್ಲಿ ಕ್ರೈಸ್ತ ದೇವಶಾಸ್ತ್ರ ಓದಿದ ಹುಡುಗರಲ್ಲಿ ಹೆರ್ಮನ್ ಮೋಗ್ಲಿಂಗ್ ಒಬ್ಬ, ಹೆರ್ಮನ್ ಗುಂಡರ್ಟ್ ಇನ್ನೊಬ್ಬ. ಓದಿದ ಓದಿಗೆ ತಮ್ಮ ಸೀಮೆಯಲ್ಲೇ ಒಂದು ಚರ್ಚು, ಒಂದು ಮನೆ, ಗೌರವದ ಬದುಕು ಸಿಗುತ್ತಿತ್ತು. ಇಬ್ಬರೂ ಹಡಗು ಹತ್ತಿದರು. 1836ರಲ್ಲಿ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಮೂಲಕ ಮಂಗಳೂರಿಗೆ ಬಂದರು. ಅದೇ ವರ್ಷ ಗುಂಡರ್ಟ್ ಮದರಾಸಿಗೆ ಬಂದಿಳಿದು, ಎರಡು ವರ್ಷದ ನಂತರ ಮಂಗಳೂರಿನಲ್ಲಿ ಅದೇ ಮಿಷನ್ನನ್ನು ಸೇರಿ, ಮುಂದೆ ತಲಶೇರಿಗೆ ಹೋದರು. ಒಬ್ಬರು ಕನ್ನಡಕ್ಕೆ ಸಂದರು, ಇನ್ನೊಬ್ಬರು ಮಲಯಾಳಕ್ಕೆ.

ಮೋಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ನಾವು ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಆ ಕಲ್ಲಚ್ಚಿನ ನಾಲ್ಕು ಪುಟಗಳ ನೆನಪಿಗೆ. ಆಮೇಲೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತದಂಥ ಕಾವ್ಯಗಳನ್ನು ಓಲೆಗರಿಯಿಂದ ಎತ್ತಿ ಅಚ್ಚಿಗೆ ತಂದರು. ಅದೇ ಮಾಲೆಯಲ್ಲಿ, ಸುಮಾರು 1850ರಲ್ಲಿ, ದಾಸರ ಪದಗಳ ಒಂದು ಸಂಗ್ರಹವೂ ಬಂತು. ಬಾಯಿಂದ ಬಾಯಿಗೆ ಬರುತ್ತಿದ್ದ ಪುರಂದರದಾಸರು, ಕನಕದಾಸರು ಪುಸ್ತಕವಾಗಿ ಕೈಗೆ ಸಿಗುವಂತಾದ ಮೊದಮೊದಲ ಸಂದರ್ಭ ಅದು.

ಧರ್ಮಪ್ರಚಾರಕ್ಕೆಂದು ಬಂದವರು ಅವರು. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಒಂದೇ ಕಾರಣಕ್ಕೆ ದಾಸರ ಪದ ಅಚ್ಚು ಹಾಕಿಸುವ ಅಗತ್ಯವೇನೂ ಇರಲಿಲ್ಲ. ಊರು ಸುತ್ತಿ, ಜನರ ಮನೆಯ ಜಗಲಿಯಲ್ಲಿ ಕೂತು, ಮಾತು ಕಲಿತು, ಸ್ನೇಹ ಬೆಳೆದಮೇಲೆ ಆ ಪದಗಳು ಕಿವಿಗೆ ಬಿದ್ದಿವೆ. ಕಿವಿಗೆ ಬಿದ್ದದ್ದನ್ನು ಬಿಡಲಾಗಲಿಲ್ಲ. 1881ರಲ್ಲಿ ಮೋಗ್ಲಿಂಗರು ತೀರಿಕೊಂಡ ಮೇಲೆ ಅವರ ಜೀವನಚರಿತ್ರೆ ಬರೆದವರು ಯಾರು? ಗುಂಡರ್ಟ್. ಟ್ಯೂಬಿಂಗನ್ನಿನಲ್ಲಿ ಓದಿ, ಮಂಗಳೂರಿನ ಮಳೆಯಲ್ಲಿ ಜೊತೆಗೆ ನೆಂದು, ಕೊನೆಗೆ ಗೆಳೆಯನ ಬದುಕನ್ನು ಕಾಗದಕ್ಕಿಳಿಸುವ ಕೆಲಸವೂ ಇನ್ನೊಬ್ಬ ಗೆಳೆಯನಿಗೇ ಬಂತು. ಯಾವ ಪದವಿಪತ್ರದಲ್ಲೂ ನಮೂದಾಗದ ಸಂಗತಿ ಇದು.

ಫರ್ಡಿನಾಂಡ್ ಕಿಟೆಲ್ ಈ ಗುಂಪಿಗೆ ಆಮೇಲೆ ಬಂದವರು. ಓದಿದ್ದು ಬಾಸೆಲ್ಲಿನಲ್ಲಿ, ಕರ್ನಾಟಕಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಅವರು ಕಣ್ಣುಮುಚ್ಚಿದ್ದೂ ಆ ಊರಿನಲ್ಲೇ. ಹಳ್ಳಿಹಳ್ಳಿ ತಿರುಗಿ, ಒಕ್ಕಲಿಗರ ಬಾಯಿಂದ ಬೇಸಾಯದ ಮಾತು, ಹೆಂಗಸರ ಬಾಯಿಂದ ಅಡುಗೆಮನೆಯ ಮಾತು ಆಯ್ದುಕೊಂಡವರ ಕೊನೆಯ ದಿನಗಳು ಕಳೆದ ಊರಿನಲ್ಲಿ, ಇಲ್ಲಿಂದ ಹೋದ ನಮ್ಮ ಹುಡುಗಿ ಸೈಕಲ್ಲು ತುಳಿಯುತ್ತಿದ್ದಾಳೆ. ಮೊದಲ ವಾರ ಇದನ್ನೆಲ್ಲ ಹೇಳಿದಾಗ "ಹೂಂ ಅಮ್ಮ" ಅಂದು ಸುಮ್ಮನಾಗಿದ್ದಳು.

ಪರೀಕ್ಷೆ ಮುಗಿದ ಮೇಲೆ ಮಾತ್ರ ಅವಳೇ ಕೇಳಿದಳು: "ಅಮ್ಮ, ಆ ಬಾಸೆಲ್ ಮಿಷನ್ನು ಅಂತಿದ್ದೆಯಲ್ಲ, ಅದು ಇಲ್ಲಿಂದ ಹತ್ತಿರಾನೇ ಅಲ್ವಾ?" ಜರ್ಮನಿಯಲ್ಲಿ ಈಗ ತಿಂಗಳ ಪಾಸೊಂದಿದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ 2025ರಲ್ಲಿ 58 ಯೂರೋ ಆಯಿತು. ಅದಿದ್ದರೆ ದೇಶದ ಯಾವ ಮೂಲೆಗಾದರೂ ಹೋಗಬಹುದು, ಆದರೆ ಪ್ರಾದೇಶಿಕ ರೈಲಿನಲ್ಲಿ; ವೇಗದ ರೈಲು ಹತ್ತುವಂತಿಲ್ಲ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಹಾಗಿದ್ದರೂ ಅಲ್ಲಿ ಜರ್ಮನಿಯವರ ರೈಲು ನಿಲ್ದಾಣವೊಂದಿದೆ, ಈ ಪಾಸು ಅಲ್ಲಿಯವರೆಗೂ ನಡೆಯುತ್ತದೆ. ಇದನ್ನು ಪತ್ತೆ ಮಾಡಿದವಳು ಅವಳ ಪೋಲೆಂಡಿನ ಗೆಳತಿ. ಆ ಹುಡುಗಿ, ಒಬ್ಬ ಕೊರಿಯಾದವಳು, ಕೀನ್ಯಾದ ಒಬ್ಬ ಹುಡುಗ, ನಮ್ಮವಳು, ನಾಲ್ವರು ಬೆಳಗಿನ ಜಾವ ಹೊರಟರು. ರೈಲು ಬದಲಿಸುತ್ತ, ಬುತ್ತಿ ಬಿಚ್ಚುತ್ತ ಮಧ್ಯಾಹ್ನಕ್ಕೆ ಸೇರಿದರು. ಬುತ್ತಿ ಇವಳದು, ಚಿತ್ರಾನ್ನ. ನಾನು ಕಳಿಸಿದ್ದ ಕಡಲೇಬೀಜ ಅದಕ್ಕೇ ಖರ್ಚಾಯಿತಂತೆ.

ಭಾನುವಾರ, ಮಿಷನ್ ಮನೆಯ ಬಾಗಿಲು ಹಾಕಿತ್ತು. ಎದುರಿನ ಕಲ್ಲುಕಟ್ಟೆಯ ಮೇಲೆ ಕೂತು ಅವಳು ಆ ಮೂವರಿಗೆ ಮಂಗಳೂರು ಹೆಂಚಿನ ಕಥೆ ಹೇಳಿದಳು. ಈ ಮಿಷನ್ನಿನವರೇ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು, ಆ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಹಳೇ ಮನೆಯ ಮಾಡಿನ ಮೇಲೂ ಕೂತಿದ್ದದ್ದು. ಕೀನ್ಯಾದ ಹುಡುಗ ಎದ್ದು ನಿಂತು, ತಮ್ಮ ಕರಾವಳಿಯ ಹಳೇ ಕಟ್ಟಡಗಳ ಮೇಲೂ ಅಂಥ ಕೆಂಪು ಹೆಂಚು ಕಂಡಿದ್ದೇನೆ ಅಂದನಂತೆ. ಮಂಗಳೂರು ಹೆಂಚು ಪೂರ್ವ ಆಫ್ರಿಕಕ್ಕೆ ಹಡಗಿನಲ್ಲಿ ಹೋಗುತ್ತಿದ್ದದ್ದು ನಿಜ. ನಾಲ್ಕು ದೇಶದ ಮಕ್ಕಳು ಒಂದು ಬೀಗ ಹಾಕಿದ ಬಾಗಿಲ ಮುಂದೆ ಕೂತು ಕಲಿತ ಈ ಪಾಠವನ್ನು ಯಾವ ತರಗತಿಯಲ್ಲಿ, ಎಷ್ಟು ಕ್ರೆಡಿಟ್ಟಿಗೆ ಕಲಿಸುತ್ತಾರೆ? ಭಾವನವರಿಗೆ ಇದನ್ನು ಹೇಳಿದಾಗ ಅವರು ಎದ್ದುಹೋಗಿ ಹಿತ್ತಲಲ್ಲಿ ಜೋಡಿಸಿಟ್ಟಿದ್ದ ಹಳೇ ಹೆಂಚೊಂದನ್ನು ತಿರುಗಿಸಿ ನೋಡಿದರು.

ಹಿಂದಿನ ಕಾಲಕ್ಕೆ ಬರುತ್ತೇನೆ. ಬೆಂಗಳೂರು–ತುಮಕೂರು ಮೀಟರ್‌ಗೇಜ್ ರೈಲು 1884ರಲ್ಲಿ ಓಡತೊಡಗಿತು. ಹಳಿ ಮುಂದೆ ಅರಸೀಕೆರೆ, ಹರಿಹರ, ಹುಬ್ಬಳ್ಳಿಯ ಮೇಲೆ ಪುಣೆ ಮುಟ್ಟಿತು. ನಮ್ಮ ಸುತ್ತಿನ ದೊಡ್ಡಬೆಲೆ, ನಿಡವಂದದ ಜನ ಹಡಗು ಕಂಡವರಲ್ಲ, ಹಡಗಿಗೆ ಹೋಗುವವರ ರೈಲು ಕಂಡವರು. ಪುಣೆಯಿಂದ ಮುಂಬಯಿ, ಅಲ್ಲಿ ಬಲ್ಲಾರ್ಡ್ ಪಿಯರ್, ಆಮೇಲೆ ಏಡನ್, ಸೂಯೆಜ್, ಪೋರ್ಟ್ ಸಯ್ಯದ್. ವಾರಗಟ್ಟಲೆ ನೀರಿನ ಮೇಲೆ. ಹೋಗುವಾಗ ಹೆದರಿಕೆ, ಬರುವಾಗ ಸ್ನೇಹಿತರ ಗುಂಪು. ಒಂದೇ ಹಡಗಿಗೆ ಟಿಕೆಟ್ಟು ಮಾಡಿಸಿಕೊಂಡು, ಓದು ಮುಗಿಸಿದ ಪಂಜಾಬಿ, ಬಂಗಾಳಿ, ತಮಿಳು, ಕನ್ನಡದ ಹುಡುಗರು ಒಟ್ಟಿಗೆ ಮರಳುತ್ತಿದ್ದರು. ವಿದೇಶಕ್ಕೆ ಓದಲು ಹೋದವನಿಗೆ ಸ್ವದೇಶದ ಪರಿಚಯವಾಗುತ್ತಿದ್ದದ್ದು ಎಷ್ಟೋ ಸಲ ಹಡಗಿನ ಡೆಕ್ಕಿನ ಮೇಲೆ.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎನ್ನುವವರಿದ್ದರು, ಬಂದವರಿಗೆ ಪ್ರಾಯಶ್ಚಿತ್ತ ಮಾಡಿಸಿದವರಿದ್ದರು. ಅದು ಮುಗಿದ ಕಥೆಯೆಂದುಕೊಂಡಿದ್ದಾಗ 2008ರ ಉಡುಪಿ ಪರ್ಯಾಯದ ಹೊತ್ತಿಗೆ, ಪುತ್ತಿಗೆ ಸ್ವಾಮಿಗಳು ವಿದೇಶಕ್ಕೆ ಹೋಗಿಬಂದವರೆಂಬ ಕಾರಣಕ್ಕೆ ಕೃಷ್ಣಪೂಜೆಯ ತಕರಾರು ಮತ್ತೆ ಎದ್ದಿತು. ಕಡಲಿನ ಅಂಜಿಕೆ ಅಷ್ಟು ಆಳದ್ದು. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟು ಅದೇ ಕಡಲನ್ನು ಕಣ್ತುಂಬ ನೋಡಿದರು. 'ಸಮುದ್ರ ಗೀತೆಗಳು' ಹುಟ್ಟಿದವು. 1938ರಲ್ಲಿ ಅವರು ಅಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದರು ಎಂಬುದು ಇವತ್ತು ಎಷ್ಟು ಜನರಿಗೆ ನೆನಪಿದೆಯೋ ತಿಳಿಯದು. ಕಡಲಿನ ಪದ್ಯಗಳು ನೆನಪಿವೆ.

ನೆಲಮಂಗಲದಲ್ಲಿ ನನಗೆ ಪರಿಚಯವಿದ್ದ ಹಿರಿಯರೊಬ್ಬರು ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿದ್ದವರು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಿತ್ತು. ಅಲ್ಲಿನವರು ಇಲ್ಲಿಗೆ ಬಂದರು, ಇಲ್ಲಿನವರು ನಾಕ್ಸ್‌ವಿಲ್ಲಿಗೆ ಹೋದರು. ಅರವತ್ತರ ದಶಕದ ಕೊನೆಗೆ ಹೋದವರಲ್ಲಿ ಇವರೊಬ್ಬರು. ಆ ಕಾಲದಲ್ಲಿ ಸರ್ಕಾರ ಹೊರಗೆ ಒಯ್ಯಲು ಬಿಡುತ್ತಿದ್ದದ್ದು 8 ಡಾಲರ್. ಅಷ್ಟನ್ನೇ ಜೇಬಿನಲ್ಲಿಟ್ಟುಕೊಂಡು ಸಾಗರ ದಾಟಿದ ಒಂದು ತಲೆಮಾರೇ ಇದೆ. ಈ ಹಿರಿಯರು ತಮ್ಮ ಹಳೇ ಟ್ರಂಕು ಒಮ್ಮೆ ನನ್ನೆದುರಿಗೆ ತೆಗೆದರು. ಥೀಸಿಸ್ಸಿನ ಪ್ರತಿ ಎಲ್ಲೋ ತಳದಲ್ಲಿತ್ತು. ಮೇಲೆ ನೀಲಿ ಏರೋಗ್ರಾಮುಗಳ ಕಟ್ಟು, ಸೆಣಬಿನ ದಾರ ಸುತ್ತಿ, ಒಂದೊಂದು ವರ್ಷಕ್ಕೂ ಒಂದೊಂದು ಚೀಟಿ ಸಿಕ್ಕಿಸಿ ಇಟ್ಟಿದ್ದರು.

ಓದು ಮುಗಿದ ಮೇಲೆ ಅವರು ಫಿಲಿಪ್ಪೀನ್ಸಿನ ಒಬ್ಬ, ಟರ್ಕಿಯ ಒಬ್ಬ ಗೆಳೆಯರ ಜೊತೆ ಗ್ರೇಹೌಂಡ್ ಬಸ್ಸು ಹತ್ತಿದ್ದರು. ರೂಮಿಗೆ ದುಡ್ಡಿಲ್ಲದ್ದರಿಂದ ರಾತ್ರಿ ಪ್ರಯಾಣ, ಹಗಲು ಊರು ನೋಡುವುದು. ಬಸ್ಸು ನಿಂತ ಕಡೆ ರೈತರ ಮನೆಗಳಿಗೆ ಹೋಗುತ್ತಿದ್ದರಂತೆ. ಮೂವರೂ ಬೇಸಾಯದ ವಿದ್ಯಾರ್ಥಿಗಳು, ಮಾತಿಗೆ ಬರವಿರಲಿಲ್ಲ. "ನಮ್ಮ ಪ್ರೊಫೆಸರು ಹೇಳಿದ್ದು ಒಂದು ಮಣ್ಣಿನ ಕಥೆ ಮೇಡಂ. ಆ ಬಸ್ಸಲ್ಲಿ ಹೋದಾಗ ಗೊತ್ತಾಯ್ತು, ಮಣ್ಣು ಬದಲಾದ ಹಾಗೆ ಒಕ್ಕಲುತನ ಹೆಂಗೆ ಬದಲಾಗ್ತದೆ ಅಂತ," ಅಂದಿದ್ದರು. ಫಿಲಿಪ್ಪೀನ್ಸಿನ ಗೆಳೆಯ ಊರಿಗೆ ಮರಳಿ ಲಾಸ್ ಬಾನ್ಯೋಸ್ ಊರಿನಲ್ಲಿ ಕೆಲಸಕ್ಕೆ ಸೇರಿದರು. ಜಗತ್ತಿನ ಭತ್ತದ ಸಂಶೋಧನಾ ಸಂಸ್ಥೆ ಇರುವುದು ಅಲ್ಲೇ; 1966ರಲ್ಲಿ ಐಆರ್ 8 ತಳಿ ಬಿಡುಗಡೆಯಾದದ್ದು ಅಲ್ಲಿಂದಲೇ. ಇಬ್ಬರ ನಡುವೆ ಓಡಾಡಿದ ಕಾಗದಗಳಲ್ಲಿ ಮದುವೆ, ಮಕ್ಕಳ ವಿಷಯ ಎಷ್ಟಿತ್ತೋ ಭತ್ತದ ವಿಷಯವೂ ಅಷ್ಟೇ ಇತ್ತು. ಬೆಂಕಿರೋಗಕ್ಕೆ ಯಾವ ತಳಿ ತಡೆಯುತ್ತದೆ, ನಿಮ್ಮ ಕಡೆ ನೀರು ಕಟ್ಟುವ ಕ್ರಮ ಏನು, ಹೀಗೆ. ಇಂಥ ಕಾಗದಗಳಿಗೆ ಯಾವ ಇಲಾಖೆಯಲ್ಲೂ ಕಡತವಿಲ್ಲ.

ಹೆಣ್ಣುಮಕ್ಕಳ ಕಥೆ ಬೇರೆ. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ, ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾದವರು, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ವಿದ್ಯಾರ್ಥಿವೇತನ ಪಡೆದು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟದ್ದು 1947ರ ಜುಲೈಯಲ್ಲಿ. ಸೈನಿಕರನ್ನು ಸಾಗಿಸುತ್ತಿದ್ದ ಹಳೇ ಹಡಗು 'ಮೆರೀನ್ ಆಡರ್', ಮೂವತ್ತು ದಿನದ ಪಯಣ. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಅವರು ದೇಶದಲ್ಲಿರಲಿಲ್ಲ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು, ವಿಧವೆಯರ ಓದಿಗೆ ದುಡಿದವರು. ಅಜ್ಜಿ ಓದಿದ್ದರಿಂದ ಮೊಮ್ಮಗಳು ಹಡಗು ಹತ್ತಿದಳು. ಎಂ.ಎಸ್. ಆದಮೇಲೆ ರಾಜೇಶ್ವರಿಯವರು ನೇರ ಊರಿಗೆ ಬರಲಿಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಮಾಪನ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಅಲೆಗಳ ಅಳತೆಯ ತರಬೇತಿ ಪಡೆದರು. ಮತ್ತೆ ಮಿಷಿಗನ್ನಿಗೆ ಹೋದದ್ದು ಬಾರ್ಬರ್ ವಿದ್ಯಾರ್ಥಿವೇತನದ ಮೇಲೆ. ಏಷ್ಯಾದ ಹೆಣ್ಣುಮಕ್ಕಳಿಗೆಂದೇ 1917ರಲ್ಲಿ ಸ್ಥಾಪನೆಯಾದ ವೇತನ ಅದು. ಚೀನಾ, ಜಪಾನು, ಫಿಲಿಪ್ಪೀನ್ಸ್, ಭಾರತದ ಹುಡುಗಿಯರನ್ನು ಒಂದೇ ಊರಿಗೆ ತಂದು ಸೇರಿಸಿದ್ದು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬೆಂಗಳೂರಿಗೆ ಬಂದು ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರನ್ನೂ "ಸಾಕು, ಬಂದುಬಿಡು" ಎಂದು ಮನೆಯವರು ಕರೆಸಿಕೊಂಡಿದ್ದರೆ ಆ ವಿದ್ಯೆ ನಮ್ಮ ಹುಡುಗರಿಗೆ ಇನ್ನಷ್ಟು ತಡವಾಗಿ ಸಿಗುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ 'ಸಂಸ್ಕಾರ'. ಅದನ್ನು ತರಗತಿಯಲ್ಲಿ ಕಾದಂಬರಿಯಾಗಿ ಓದಿಸುತ್ತಾರೆ, ಸಿನಿಮಾ ಕ್ಲಬ್ಬಿನಲ್ಲಿ ಸಿನಿಮಾ ಆಗಿ ತೋರಿಸುತ್ತಾರೆ. ನನ್ನ ಕಣ್ಣಿಗೆ ಅದು ವಿದೇಶಕ್ಕೆ ಓದಲು ಹೋದ ಮೂವರು ಕನ್ನಡದ ಹುಡುಗರ ಕಥೆಯೂ ಹೌದು.

ತೀರ್ಥಹಳ್ಳಿ ಕಡೆಯ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಅವರ ಮೇಷ್ಟರು. ಮೇಷ್ಟರಿಗಿಂತ ಹೆಚ್ಚಾಗಿ ಗೆಳೆಯ. ಇಬ್ಬರೂ ಒಂದು ಸಂಜೆ ಬರ್ಗ್‌ಮನ್‌ನ ಮಧ್ಯಯುಗದ ಕಥೆಯ ಸಿನಿಮಾ 'ಸೆವೆಂತ್ ಸೀಲ್' ನೋಡಲು ಹೋದರು. ಇಂಗ್ಲಿಷ್ ಅಡಿಬರಹವಿಲ್ಲದ ಪ್ರತಿ. ಹೊರಗೆ ಬಂದ ಮೇಲೆ ಅನಂತಮೂರ್ತಿ ಒಂದು ಮಾತು ಹೇಳಿದರು: ಯುರೋಪಿನವರು ಮಧ್ಯಯುಗವನ್ನು ಪುಸ್ತಕದಿಂದ ತಿಳಿದು ಕಟ್ಟಿಕೊಳ್ಳಬೇಕು, ನಮ್ಮಲ್ಲಿ ಅದು ಇವತ್ತಿಗೂ ಜೀವಂತವಾಗಿ ಪಕ್ಕದಲ್ಲೇ ಇರುತ್ತದೆ ಎಂದು. ಹಾಗಿದ್ದರೆ ಅದನ್ನೇ ಬರೆಯಿರಿ ಎಂದರು ಬ್ರಾಡ್‌ಬರಿ. ಬರೆದದ್ದು 'ಸಂಸ್ಕಾರ'. ಪ್ರಕಟವಾದದ್ದು 1965ರಲ್ಲಿ. ಪಿಎಚ್.ಡಿ. ಬಂದದ್ದು 1966ರಲ್ಲಿ. ದೂರ್ವಾಸಪುರದ ಅಗ್ರಹಾರ, ಹೆಣ ಎತ್ತಲಾಗದೆ ಕೂತ ಬ್ರಾಹ್ಮಣರು, ಚಂದ್ರಿ, ಪ್ರಾಣೇಶಾಚಾರ್ಯ, ಎಲ್ಲ ಮೂಡಿಬಂದದ್ದು ಇಂಗ್ಲೆಂಡಿನ ಕಾರ್ಖಾನೆಗಳ ಊರಿನಲ್ಲಿ, ಒಂದು ಸಿನಿಮಾ ನೋಡಿ ಬಂದಮೇಲಿನ ಹರಟೆಯಿಂದ. ಪರೀಕ್ಷೆಗೆ ಬೇಕಾದ ಓದನ್ನಷ್ಟೇ ಓದಿ ಅವರು ರೂಮಿನಲ್ಲೇ ಇದ್ದಿದ್ದರೆ ಥೀಸಿಸ್ ಸಿಗುತ್ತಿತ್ತು.

ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದವರು. ಹೊರಡುವ ಮುಂಚಿನ ವಾರಗಳಲ್ಲಿ, ಮಗ ವಾಪಸು ಬರುತ್ತಾನೋ ಇಲ್ಲವೋ ಎಂಬ ಮನೆಯವರ ಆತಂಕದ ನಡುವೆ, 'ಯಯಾತಿ' ಬರೆದರು. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅದನ್ನು ಪ್ರಕಟಿಸುವಾಗ ಅವರು ಆಕ್ಸ್‌ಫರ್ಡಿನಲ್ಲಿದ್ದರು. ಕೊನೆಯ ವರ್ಷ, 1963ರಲ್ಲಿ, ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಊರಿಗೆ ಮರಳಿ ಮದರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದಕ್ಕೆ ಸೇರಿದರು, 1964ಕ್ಕೆ 'ತುಘಲಕ್' ಬಂತು. ಒಬ್ಬರು ಇಂಗ್ಲೆಂಡು ಬಿಡುವ ಹೊತ್ತಿಗೆ ಇನ್ನೊಬ್ಬರು ಅಲ್ಲಿಗೆ ಹೋಗಿದ್ದರು. ಮೂರನೆಯವರು ಮೈಸೂರಿನ ಎ.ಕೆ. ರಾಮಾನುಜನ್. 1950ರಲ್ಲಿ ಭಾರತ ಮತ್ತು ಅಮೆರಿಕ ಫುಲ್‌ಬ್ರೈಟ್ ಒಪ್ಪಂದಕ್ಕೆ ಸಹಿ ಹಾಕಿದ್ದವು. ಆ ವೇತನ ಹಿಡಿದು ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು, ಷಿಕಾಗೋದಲ್ಲಿ ನೆಲೆಯಾದರು.

1970ರಲ್ಲಿ 'ಸಂಸ್ಕಾರ' ಸಿನಿಮಾ ಆಯಿತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ಪ್ರಾಣೇಶಾಚಾರ್ಯನ ಪಾತ್ರ ಗಿರೀಶ ಕಾರ್ನಾಡರದು, ಚಿತ್ರಕಥೆಯೂ ಅವರದೇ. ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಸೀಮೆಯ ಬೆಳಕನ್ನು ಆತ ಕಂಡ ರೀತಿ ಇವತ್ತಿಗೂ ಬೆರಗು. ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಮೊದಲ ಕನ್ನಡ ಚಿತ್ರ ಅದೇ. 1976ರಲ್ಲಿ ರಾಮಾನುಜನ್ ಅನುವಾದ ಮಾಡಿ ಕಾದಂಬರಿಯನ್ನು ಇಂಗ್ಲಿಷಿಗೆ ಕೊಟ್ಟರು. ಮೂರು ವಿದ್ಯಾರ್ಥಿವೇತನಗಳು, ಮೂರು ಊರು, ಒಂದು ಪುಸ್ತಕ. ದುಡ್ಡು ಸಂದದ್ದು ಓದಿಗೆ. ಕನ್ನಡಕ್ಕೆ ಬಂದದ್ದು ಸ್ನೇಹದ ಫಲ.

ಇನ್ನು ನಮ್ಮೂರಿನ ಕಡೆಗೆ. ಅರಿಶಿನಕುಂಟೆಯೆಂದರೆ ಹೆದ್ದಾರಿಯಲ್ಲಿ ಹೋಗುವವರಿಗೆ ಕಣ್ಣಿಗೆ ಬೀಳುವುದು ವಿಶ್ವಶಾಂತಿ ಆಶ್ರಮ, ಅಲ್ಲಿನ ಎತ್ತರದ ವಿಜಯವಿಠಲನ ಮೂರ್ತಿ. ಅದನ್ನು ಕಟ್ಟಿದವರು ಭದ್ರಗಿರಿಯ ಸಂತ ಕೇಶವದಾಸರು, ಹರಿಕಥೆಯ ಅಚ್ಯುತದಾಸರ ತಮ್ಮ. ಮೋಗ್ಲಿಂಗರು ಮಂಗಳೂರಿನಲ್ಲಿ ಅಚ್ಚಿಗೆ ತಂದ ದಾಸರ ಪದಗಳನ್ನೇ ಅದೇ ಕರಾವಳಿಯ ಈ ಕೀರ್ತನಕಾರರು ಅಮೆರಿಕ, ಯುರೋಪಿಗೆ ಒಯ್ದು ಹಾಡಿದರು. ಹಾಡು ಕೇಳಿದ ಅಲ್ಲಿಯ ಜನ ಅವರ ಹಿಂದೆ ಇಲ್ಲಿಗೆ ಬಂದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹತ್ತಿಸೀರೆ ಉಟ್ಟ ಬಿಳಿಯ ಹೆಂಗಸರು ರಸ್ತೆ ಬದಿ ನೆಲಮಂಗಲದ ಬಸ್ಸಿಗೆ ಕಾಯುವುದನ್ನು ನೋಡುತ್ತಿದ್ದೆ.

ಅವರಲ್ಲೊಬ್ಬಳು ಕಾಲೇಜು ಹುಡುಗಿ, ಹಾಡು ಕಲಿಯಲು ಬಂದಿದ್ದವಳು. ನಮ್ಮತ್ತೆಯ ಹತ್ತಿರ ಮುದ್ದೆ ಕಟ್ಟುವುದು ಕಲಿಯುತ್ತೇನೆಂದು ಮನೆಗೆ ಬಂದು ಬಂದು ಒಳಗಿನವಳೇ ಆದಳು. ಅತ್ತೆ ಅವಳನ್ನು "ಬಾರವ್ವ ಮಗಳೆ" ಎಂದೇ ಕರೆಯುತ್ತಿದ್ದರು. ಊರಿಗೆ ಹೋಗುವ ದಿನ ಹತ್ತಿರ ಬಂದಾಗ ಹಂಪಿ, ಉಡುಪಿ, ಪಂಢರಾಪುರ ಎಲ್ಲ ಸುತ್ತಿಬಂದಳು. ಕೊನೆಗೆ ನಾನು, ನನ್ನ ನಾದಿನಿ ಇಬ್ಬರೂ ಅವಳನ್ನು ಶಿವಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋದೆವು. ದಾಬಸ್‌ಪೇಟೆಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಗಂಗಾಧರೇಶ್ವರನಿಗೆ ತುಪ್ಪ ಹಚ್ಚಿ ಉಜ್ಜಿ ಬೆಣ್ಣೆಯಂತಾದದ್ದನ್ನು ಅರ್ಚಕರು ಅವಳ ಅಂಗೈಗೆ ಹಾಕಿದರು. ಒಳಕಲ್ಲು ತೀರ್ಥದಲ್ಲಿ ಬಂಡೆಯ ಮೇಲೆ ಬೋರಲು ಮಲಗಿ, ಕಲ್ಲಿನ ಕುಳಿಯೊಳಗೆ ತೋಳನ್ನು ಬುಡದವರೆಗೂ ಬಿಟ್ಟು, ಬಹಳ ಹೊತ್ತು ತಡಕಿದಳು. ನೀರು ಸಿಕ್ಕಿದವರಿಗೆ ಪುಣ್ಯವೆನ್ನುವ ನಂಬಿಕೆ. ಸರತಿಯಲ್ಲಿದ್ದ ಹಳ್ಳಿಯ ಹೆಂಗಸರು "ಇನ್ನೊಸಿ ಕೆಳಗೆ, ಇನ್ನೊಸಿ ಕೆಳಗೆ" ಎಂದು ಹುರಿದುಂಬಿಸಿದರು. ಬೆರಳಿಗೆ ನೀರು ತಾಗಿದಾಗ ಅವಳು ಕೂಗಿದ ಕೂಗಿಗೆ ಗುಹೆಯೆಲ್ಲ ನಕ್ಕಿತು. ನಾನು ಅವಳಿಂದ ಕಲಿತದ್ದು ಇಷ್ಟು: ಎದುರಿನ ಬೆಟ್ಟವನ್ನೂ ಹೊಸದಾಗಿ ನೋಡಬಹುದು. ಹತ್ತಾರು ಸಲ ಶಿವಗಂಗೆ ಹತ್ತಿದ್ದ ನಾನು, ಅದರ ಶಾಸನಗಳೇನು, ಕಟ್ಟಿಸಿದವರು ಯಾರು ಎಂದು ಕೇಳಿಕೊಂಡದ್ದು ಅವಳು ಕೇಳಿದ ಮೇಲೆ. ಇತಿಹಾಸದಲ್ಲಿ ಎಂ.ಎ. ಮಾಡುವ ಯೋಚನೆ ಗಟ್ಟಿಯಾದದ್ದು ಆ ಬಸ್ಸಿನಲ್ಲಿ ಮರಳುವಾಗ.

ಮಗಳು ಈಗ ರೂಮು ಖಾಲಿ ಮಾಡುವ ಸಿದ್ಧತೆಯಲ್ಲಿದ್ದಾಳೆ. ಮೊನ್ನೆ ವಿಡಿಯೋದಲ್ಲಿ ಒಂದು ಮೂರು ಲೀಟರಿನ ಪ್ರೆಷರ್ ಕುಕ್ಕರ್ ತೋರಿಸಿದಳು. ಅದು ಅವಳದಲ್ಲ. ಯಾವಾಗಲೋ ಹೋದ ನಮ್ಮ ದೇಶದ ವಿದ್ಯಾರ್ಥಿಯೊಬ್ಬರು ಒಯ್ದದ್ದು, ಹೋಗುವವರು ಬರುವವರಿಗೆ ಬಿಟ್ಟುಕೊಡುತ್ತ ಬಂದಿದ್ದಾರೆ. ಮುಚ್ಚಳದ ಒಳಮೈಯಲ್ಲಿ ಪ್ರತಿಯೊಬ್ಬರೂ ಮೊಳೆಯಿಂದ ಹೆಸರಿನ ಮೊದಲ ಅಕ್ಷರ, ಊರು, ಇಸವಿ ಗೀಚಿದ್ದಾರೆ. ನಾಗಪುರ, ತಿರುಚ್ಚಿ, ಕಟಕ್, ಮೈಸೂರು. ಗ್ಯಾಸ್ಕೆಟ್ಟು ಮಾತ್ರ ಹೊಸದು, ನಾನು ಇಲ್ಲಿಂದ ಕಳಿಸಿದ್ದು. ಮೈಸೂರಿನ ಕೆಳಗೆ ಇವಳು 'ಅರಿಶಿನಕುಂಟೆ' ಎಂದು ಕನ್ನಡದಲ್ಲೇ ಕೆತ್ತಿದ್ದಾಳೆ. "ಜಾಗ ಸಾಲಲಿಲ್ಲ ಅಮ್ಮ, ಕೊನೇ ಅಕ್ಷರ ಅಂಚಿಗೆ ಹೋಯ್ತು," ಅಂದಳು. ಮುಂದಿನ ವಾರ ಅವಳೂ ಗೆಳತಿಯರೂ ಉಲ್ಮ್ ಊರಿನ ಚರ್ಚಿನ ಗೋಪುರ ಹತ್ತಲಿದ್ದಾರೆ, ಅದರ ಎತ್ತರ 161 ಮೀಟರಿಗೂ ಹೆಚ್ಚು. ಅದಾದ ಮೇಲೆ ಕೊರಿಯಾದವಳು ಮೊದಲು ಹೊರಡುತ್ತಾಳೆ, ಇವಳು ಕೊನೆಗೆ. ಬಂದಿಳಿಯುವುದು ನಮ್ಮ ಜಿಲ್ಲೆಯದೇ ಆದ ದೇವನಹಳ್ಳಿಯಲ್ಲಿ, 2008ರಲ್ಲಿ ತೆರೆದ ವಿಮಾನ ನಿಲ್ದಾಣದಲ್ಲಿ. ದೊಡ್ಡಬಳ್ಳಾಪುರದ ಮೇಲೆ ಹಾದು ಮನೆಗೆ ಕರೆತರಲು ಭಾವನವರೇ ಹೊರಟಿದ್ದಾರೆ.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯಿಂದ ಯಾರಾದರೂ, ಅಜ್ಜನೋ ಅತ್ತೆಯೋ ಚಿಕ್ಕಪ್ಪನೋ, ಹೊರದೇಶದಲ್ಲಿ ಓದಿ ಬಂದಿದ್ದರೆ ಅಟ್ಟದ ಮೇಲಿನ ಟ್ರಂಕು ಒಮ್ಮೆ ಇಳಿಸಿ ನೋಡಿ. ಪದವಿಪತ್ರ ಹೇಗೂ ಚೌಕಟ್ಟಿನಲ್ಲಿರುತ್ತದೆ. ನೀಲಿ ಏರೋಗ್ರಾಮುಗಳು, ಹಡಗಿನ ಊಟದ ಪಟ್ಟಿ, ಗೆಳೆಯರ ಜೊತೆ ನಿಂತ ಫೋಟೋ, ಬಸ್ಸಿನ ಟಿಕೆಟ್ಟು ರದ್ದಿಗೆ ಹೋಗುತ್ತವೆ. ದಯವಿಟ್ಟು ಹಾಕಬೇಡಿ. ಫೋಟೋದ ಹಿಂದೆ ಯಾರು, ಯಾವ ಊರು, ಯಾವ ವರ್ಷ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಹಿರಿಯರು ಬದುಕಿದ್ದರೆ ಪಕ್ಕದಲ್ಲಿ ಕೂತು, ಪರೀಕ್ಷೆ ಮುಗಿದ ಮೇಲೆ ಎಲ್ಲೆಲ್ಲಿ ಹೋದಿರಿ, ಜೊತೆಗೆ ಯಾರಿದ್ದರು ಎಂದು ಕೇಳಿ ಬರೆದುಕೊಳ್ಳಿ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕಿನವರಾದರೆ ಹೇಳಿಕಳಿಸಿ, ನಾನೇ ನಿಮ್ಮ ಮನೆಗೆ ಬಂದು ನಕಲು ಮಾಡಿಕೊಂಡು ಮೂಲವನ್ನು ನಿಮ್ಮ ಕೈಗೇ ಒಪ್ಪಿಸುತ್ತೇನೆ.